ಹರಟೆಗೆ ಅಂತಲೇ ಬೇರೆ ಜಾಗ ಕೊಟ್ಟಮೇಲೆ ಹರಟೆ ಯಾಕೆ ನಿಂತುಹೋಯ್ತು?

ಕೀಲಿಕೈ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನ ಹೇಗೆ ಕೇಳೋದು ಅಂತ ಎಂಟು ತಿಂಗಳಿಂದ ಯೋಚಿಸ್ತಾ ಇದ್ದೆ. ಇವತ್ತು ಹೇಗೆ ಬರುತ್ತೋ ಹಾಗೆ ಬರೆದುಬಿಡ್ತೀನಿ.

ಕೀ ಕೊಡುವ ಹಳೇ ಕೈಗಡಿಯಾರಗಳನ್ನ ತಾವೇ ಬಿಚ್ಚಿ ರಿಪೇರಿ ಮಾಡಿಕೊಳ್ಳೋರ ಆನ್‌ಲೈನ್ ಗುಂಪೊಂದರಲ್ಲಿ ನಾನು ಆರು ವರ್ಷದಿಂದ ಇದ್ದೀನಿ. ನಾನೂರು ಚಿಲ್ಲರೆ ಜನ. ಒಬ್ಬರ ಮುಖವನ್ನೂ ನೋಡಿಲ್ಲ. ನಾನು ಸೇರಿದ್ದು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು. ನನ್ನ ಗಡಿಯಾರ ಇದ್ದಕ್ಕಿದ್ದ ಹಾಗೆ ದಿನಕ್ಕೆ ಅರ್ಧ ಗಂಟೆ ಮುಂದೆ ಓಡೋಕೆ ಶುರುಮಾಡಿತ್ತು. ರಾತ್ರಿ ಹನ್ನೊಂದೂವರೆಗೆ ಕೇಳಿದೆ. ಹತ್ತು ನಿಮಿಷದಲ್ಲಿ ಒಬ್ಬರು ತಿರುಗಿ ಕೇಳಿದರು: "ರಾತ್ರಿ ಬಿಚ್ಚಿ ಎಲ್ಲಿ ಇಡ್ತೀರಿ?" ಟ್ಯಾಬ್ಲೆಟ್ ಮೇಲೆ ಅಂದೆ. "ಅದರ ಕವರಿನಲ್ಲಿ ಅಯಸ್ಕಾಂತ ಇರುತ್ತೆ. ಗಡಿಯಾರಾನ ಒಂದು ದಿಕ್ಸೂಚಿ ಹತ್ತಿರ ಹಿಡಿದು ನೋಡಿ." ಹಿಡಿದೆ. ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ವಾಲಿತು. ಒಳಗೆ ಕೂದಲೆಳೆಯಷ್ಟು ತೆಳ್ಳಗಿನ ಸುರುಳಿ ಇರುತ್ತೆ, ಹೇರ್‌ಸ್ಪ್ರಿಂಗ್ ಅಂತಾರೆ. ಅದಕ್ಕೆ ಕಾಂತಶಕ್ತಿ ಹತ್ತಿಕೊಂಡರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗ್ ಗಿಡ್ಡ ಆದ ಹಾಗೇ ಲೆಕ್ಕ, ಗಡಿಯಾರ ದಡದಡ ಓಡುತ್ತೆ. ಕಾಂತಶಕ್ತಿ ತೆಗೆಯೋ ಡಿಮ್ಯಾಗ್ನೆಟೈಸರ್ ಮೇಲೆ ಹತ್ತು ಸೆಕೆಂಡು ಆಡಿಸಿದರೆ ಸರಿಹೋಗುತ್ತೆ ಅಂದರು. ಹಾಗೇ ಆಯ್ತು.

ನನ್ನ ಪ್ರಶ್ನೆ ಅಲ್ಲಿಗೆ ಮುಗಿಯಿತು, ಮಾತು ಮಾತ್ರ ಮುಗಿಯಲಿಲ್ಲ. ದಿಕ್ಸೂಚಿ ಮುಳ್ಳಿನ ಫೋಟೋ ಹಾಕಿದ್ದೆನಲ್ಲ, ಅದನ್ನ ನೋಡಿ ಒಬ್ಬರು ಕೇಳಿದರು, "ಅಲ್ಲಾ, ಗಡಿಯಾರದ ಮುಳ್ಳು ಈ ಕಡೆಗೇ ಯಾಕೆ ತಿರುಗಬೇಕು? ಆ ಕಡೆ ತಿರುಗಿದ್ದರೆ ಏನಾಗ್ತಿತ್ತು?" ಇನ್ನೊಬ್ಬರು ಅಂದರು, ಗಡಿಯಾರ ಹುಟ್ಟೋ ಮುಂಚೆ ಇದ್ದದ್ದು ನೆರಳು ನೋಡೋ ಸೂರ್ಯಗಡಿಯಾರ, ಉತ್ತರ ಗೋಳಾರ್ಧದಲ್ಲಿ ಅದರ ನೆರಳು ಸುತ್ತೋದು ಈ ದಿಕ್ಕಿಗೇ, ಮುಳ್ಳು ಮಾಡಿದೋರು ಅದನ್ನೇ ಹಿಡಿದರು. ಅಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದ ಇನ್ನೊಬ್ಬರು ಆಗ ಬಾಯಿಬಿಟ್ಟರು. ಅವರು ಇರೋದು ಭೂಮಿಯ ದಕ್ಷಿಣ ಭಾಗದಲ್ಲಂತೆ. "ಇಲ್ಲಿ ನೆರಳು ಉಲ್ಟಾ ಸುತ್ತುತ್ತೆ. ಅದು ಅಷ್ಟೇನೂ ಅನ್ನಿಸಲಿಲ್ಲ. ಆದರೆ ಬಂದ ಹೊಸದರಲ್ಲಿ ಒಂದು ರಾತ್ರಿ ತಲೆ ಎತ್ತಿ ನೋಡಿದೆ, ಚಂದ್ರನಲ್ಲಿರೋ ಮೊಲ ತಲೆಕೆಳಗಾಗಿತ್ತು. ಎಷ್ಟು ದೂರ ಬಂದಿದ್ದೀನಿ ಅಂತ ಅವತ್ತು ಗೊತ್ತಾಯ್ತು" ಅಂತ ಬರೆದರು.

ಅದಾದ ಮೇಲೆ ನಿದ್ದೆ ಮಾಡೋರು ಯಾರು? ಒಬ್ಬರಿಗೆ ಮೊಲ ಯಾವತ್ತೂ ಕಂಡಿಲ್ಲವಂತೆ, ಅವರಿಗೆ ಗೆರೆ ಎಳೆದು ತೋರಿಸಿದ್ದಾಯ್ತು. ಎಡಗೈಯವರೊಬ್ಬರು ಕೀ ಕೊಡೋ ತಲೆ ಹೆಚ್ಚಾಗಿ ಮೂರು ಗಂಟೆಯ ಪಕ್ಕದಲ್ಲೇ ಇರೋದರಿಂದ ಗಡಿಯಾರ ಕೈಯಿಂದ ಬಿಚ್ಚದೆ ಕೀ ಕೊಡೋಕೆ ಆಗಲ್ಲ ಅಂತ ಹೇಳಿಕೊಂಡರು. ಅಲ್ಲಿಂದ ಕತ್ತರಿ, ಅಲ್ಲಿಂದ ಬರವಣಿಗೆ, ಅಲ್ಲಿಂದ ಚಿಕ್ಕಂದಿನಲ್ಲಿ ಎಡಗೈ ಮೇಲೆ ಬಿದ್ದ ಪೆಟ್ಟು. ನಡುವೆ ಒಬ್ಬರು "ಮಗು ಎದ್ದಿತು, ಬಂದೆ" ಅಂತ ಹೋದರು. ನಲವತ್ತು ನಿಮಿಷ ಆದಮೇಲೆ ಬಂದು ಮೊಲದ ಮಾತಿಗೆ ಉತ್ತರ ಕೊಟ್ಟರು. ನಾವು ಅಷ್ಟರಲ್ಲಿ ಕತ್ತರಿಗೆ ಬಂದಿದ್ದೆವು. ಯಾರೂ ಏನೂ ಅನ್ನಲಿಲ್ಲ, ಮೊಲ ಮತ್ತೆ ಶುರುವಾಯ್ತು. ಎದುರುಬದುರು ಕೂತಾಗ ಇದು ಆಗುತ್ತಾ ಹೇಳಿ. ನಲವತ್ತು ನಿಮಿಷದ ಹಿಂದಿನ ಮಾತನ್ನ ಎತ್ತಿದರೆ ಎದುರಿಗಿರೋರು ಮುಖ ನೋಡ್ತಾರೆ. ಬರೆದು ಆಡೋ ಮಾತಿನಲ್ಲಿ ಮೂರು ಎಳೆ ಒಟ್ಟಿಗೇ ಓಡಬಹುದು, ಯಾವುದು ಇಷ್ಟವೋ ಅದನ್ನ ಹಿಡಿದುಕೊಂಡರಾಯ್ತು.

ಹೀಗೇ ಐದು ವರ್ಷ ನಡೆಯಿತು. ಅಲ್ಲಿರೋರ ವಯಸ್ಸು ನನಗೆ ಗೊತ್ತಿಲ್ಲ, ಏನು ಕೆಲಸ ಮಾಡ್ತಾರೆ ಗೊತ್ತಿಲ್ಲ. ಆದರೆ ಯಾರು ಮೆಟ್ಟಿಲು ಎಣಿಸದೆ ಹತ್ತೋದಿಲ್ಲ, ಯಾರಿಗೆ ಮಳೆ ನಿಂತ ಕೂಡಲೇ ಎಚ್ಚರ ಆಗುತ್ತೆ, ಯಾರು ತೀರಿಕೊಂಡ ತಂಗಿಯ ಫೋನ್ ನಂಬರನ್ನ ಇನ್ನೂ ಅಳಿಸಿಲ್ಲ, ಇದೆಲ್ಲ ಗೊತ್ತು. ಕೇಳಿ ತಿಳಿದದ್ದು ಒಂದೂ ಇಲ್ಲ. ಮಾತು ದಾರಿ ತಪ್ಪಿದಾಗ ತಾನಾಗಿ ಬಿದ್ದದ್ದು.

ಎಂಟು ತಿಂಗಳ ಹಿಂದೆ ಗುಂಪು ನೋಡಿಕೊಳ್ಳೋರು ಒಳ್ಳೇ ಮನಸ್ಸಿನಿಂದಲೇ ಒಂದು ಏರ್ಪಾಡು ಮಾಡಿದರು. ಮುಖ್ಯ ಜಾಗದಲ್ಲಿ ಗಡಿಯಾರ ಮಾತ್ರ, ಹರಟೆಗೆ ಅಂತ ಪಕ್ಕದಲ್ಲಿ ಇನ್ನೊಂದು ಜಾಗ. ನಮಗೆಲ್ಲ ಖುಷಿ ಆಯ್ತು. ಮೊದಲನೇ ದಿನ ಮೂವತ್ತು ಜನ ಬಂದರು. "ಏನ್ ಸಮಾಚಾರ?" "ಎಲ್ಲಾ ಆರಾಮ, ನಿಮ್ಮದು?" "ನಡೀತಿದೆ." ಎರಡನೇ ವಾರ ಶುಭೋದಯದ ಚಿತ್ರಗಳು. ಮೂರನೇ ವಾರ ಅದೂ ಇಲ್ಲ. ಅದೇ ಜನ, ಅದೇ ರಾತ್ರಿ! ನಾನೇ ಎಷ್ಟೋ ಸಲ ಒಳಗೆ ಹೋಗಿ ಕೂತಿದ್ದೀನಿ. ಕರ್ಸರ್ ಮಿಣಮಿಣ ಅಂತಿರುತ್ತೆ, ಹೇಳೋಕೆ ಏನೂ ತೋಚಲ್ಲ.

ಆ ಕಡೆ ಗಡಿಯಾರದ ಜಾಗವೂ ಸೊರಗಿತು. ಪ್ರಶ್ನೆ, ಉತ್ತರ, ಧನ್ಯವಾದ. ಅಷ್ಟೇ.

ಇದು ಯಾಕೆ ಹೀಗೆ? ಆ ಸುಖ ಇದ್ದದ್ದು ಎಲ್ಲಿ? ನಿಮಗೆ ಬೇರೆಲ್ಲಾದರೂ ಸಿಕ್ಕಿದೆಯಾ, ಹೋದದ್ದು ವಾಪಸ್ ಬಂದದ್ದು ಇದೆಯಾ? ನಿಜವಾಗಲೂ ತಿಳಿದುಕೊಳ್ಳಬೇಕು ಅಂತಲೇ ಕೇಳ್ತಿದ್ದೀನಿ.

---

ಏರಿಯಲ್ ಉತ್ತರ:

ಕೀಲಿಕೈ ಅವರೇ, ನಾನು ಹವ್ಯಾಸಿ ರೇಡಿಯೋದವನು, ಜನ ಹ್ಯಾಮ್ ಅನ್ನುತ್ತಾರಲ್ಲ, ಅದು. ಮೂವತ್ತೊಂದು ವರ್ಷವಾಯಿತು. ಇಂಟರ್‌ನೆಟ್ ಬರುವ ಮೊದಲೇ ನಾವು ಅಪರಿಚಿತರ ಜೊತೆ ರಾತ್ರಿಯೆಲ್ಲ ಮಾತಾಡುತ್ತಿದ್ದೆವು. ಹಾಗಾಗಿ ನಿಮ್ಮ ಪ್ರಶ್ನೆ ಓದಿದಾಗ ಇದು ನಮ್ಮದೇ ಪ್ರಶ್ನೆ ಅನ್ನಿಸಿತು.

ನಮ್ಮಲ್ಲಿ ಯಾರೊಡನೆ ಸಂಪರ್ಕ ಸಿಕ್ಕಿದರೂ ಮೊದಲ ಮಾತು ಸಿಗ್ನಲ್ ರಿಪೋರ್ಟ್. ನಿಮ್ಮ ದನಿ ಎಷ್ಟು ಸ್ಪಷ್ಟ ಎಂಬುದಕ್ಕೆ ಒಂದರಿಂದ ಐದು, ಎಷ್ಟು ಬಲ ಎಂಬುದಕ್ಕೆ ಒಂದರಿಂದ ಒಂಬತ್ತು. ಚೆನ್ನಾಗಿ ಕೇಳಿಸಿದರೆ "ಫೈವ್ ನೈನ್" ಎನ್ನುತ್ತೇವೆ. ಆಮೇಲೆ ಹೆಸರು, ಊರು, ಆಂಟೆನಾ ಯಾವುದು, ಎಷ್ಟು ಎತ್ತರದಲ್ಲಿದೆ. ಅಷ್ಟು ಆದರೆ ಸಂಪರ್ಕ ಮುಗಿದಂತೆಯೇ. ಸ್ಪರ್ಧೆಯ ದಿನಗಳಲ್ಲಿ ಹತ್ತು ಸೆಕೆಂಡಿನಲ್ಲಿ ಮುಗಿಸಿ ಮುಂದಿನವರಿಗೆ ಹೋಗುತ್ತೇವೆ. ಅಂಥ ಸಾವಿರಾರು ಸಂಪರ್ಕ ನನ್ನ ಲಾಗ್‌ಪುಸ್ತಕದಲ್ಲಿವೆ. ಒಂದೂ ನೆನಪಿಲ್ಲ.

ನೆನಪಿರುವುದು ಮುಗಿಯದೆ ಉಳಿದವು. ಹೀಗೆ ಗುರಿಯಿಲ್ಲದೆ ಗಂಟೆಗಟ್ಟಲೆ ಆಡುವ ಮಾತಿಗೆ ಹ್ಯಾಮ್‌ಗಳು "ರ‍್ಯಾಗ್‌ಚ್ಯೂ" ಎನ್ನುತ್ತಾರೆ, ಬಟ್ಟೆ ಚೂರು ಅಗಿಯುತ್ತಾ ಕೂರುವುದು ಎಂದು. ಒಮ್ಮೆ ಒಬ್ಬರ ಬಳಿ ಆಂಟೆನಾ ಎತ್ತರ ಕೇಳಿದೆ. ಹನ್ನೆರಡು ಮೀಟರ್ ಅಂದರು, ಇನ್ನೂ ಎತ್ತರಿಸಬೇಕಿತ್ತು, ಏಣಿಯ ನಾಲ್ಕನೇ ಮೆಟ್ಟಿಲು ಬಿರುಕು ಬಿಟ್ಟಿದೆ ಅಂದರು. ಏಣಿ ಮಾಡಿದ್ದು ಅವರ ಅಣ್ಣ. ಅಣ್ಣನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ. ಅದಕ್ಕೇ ಆ ಮೆಟ್ಟಿಲನ್ನು ಬದಲಾಯಿಸಲು ಮನಸ್ಸು ಬರುತ್ತಿಲ್ಲ ಅಂದರು. ಅಷ್ಟು ಹೊತ್ತಿಗೆ ಅಯಾನುಗೋಳ, ಅಂದರೆ ರೇಡಿಯೋ ಅಲೆಗಳನ್ನು ಮತ್ತೆ ನೆಲಕ್ಕೆ ತಿರುಗಿಸುವ ಮೇಲಿನ ವಾಯುಪದರ, ಬದಲಾಗುತ್ತಿತ್ತು, ಅವರ ದನಿ ಏರುತ್ತಾ ಇಳಿಯುತ್ತಾ ದೂರ ಸರಿಯತೊಡಗಿತು. ನಾನು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಕೇಳಿದೆ. ಕೊನೆಯಲ್ಲಿ ಕೇಳಿಸಿದ್ದು "ಸೆವೆಂಟಿ ಥ್ರೀ" ಎಂಬುದಷ್ಟೇ. ಶುಭಾಶಯ ಎನ್ನಲು ನಾವು ಹೇಳುವ ಸಂಖ್ಯೆ ಅದು. ಆಮೇಲೆ ಅವರು ಸಿಕ್ಕಲಿಲ್ಲ.

"ನಿಮ್ಮ ಅಣ್ಣ ಹೇಗಿದ್ದಾರೆ" ಎಂದು ನಾನು ಕೇಳಿದ್ದರೆ ಅವರು ಹೇಳುತ್ತಿದ್ದರೇ? ನಾನು ಕೇಳಿದ್ದು ಆಂಟೆನಾ. ಆಂಟೆನಾದಿಂದ ಏಣಿಗೆ, ಏಣಿಯಿಂದ ಅಣ್ಣನಿಗೆ ಅವರೇ ಇಳಿದು ಬಂದರು. ನಿಮ್ಮ ಹರಟೆಯ ಜಾಗದಲ್ಲಿ ಆಂಟೆನಾ ಇಲ್ಲ, ನೇರವಾಗಿ ಅಣ್ಣನ ಬಗ್ಗೆಯೇ ಕೇಳಿದಂತಾಗಿದೆ. ಯಾರು ಬಾಯಿ ಬಿಡುತ್ತಾರೆ?

ಇನ್ನೊಂದು ಮಾತು. ಬೇರೆ ಬೇರೆ ದೇಶಗಳ ಹ್ಯಾಮ್‌ಗಳು ಏನು ಮಾತಾಡಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಾವಳಿಯಲ್ಲಿ 25ನೇ ವಿಧಿ ಇದೆ. ಹವ್ಯಾಸಕ್ಕೆ ಸಂಬಂಧಿಸಿದ ಮಾತು, ಮತ್ತು ವೈಯಕ್ತಿಕ ಸ್ವರೂಪದ ಮಾತು, ಇವೆರಡಕ್ಕೂ ಅದರಲ್ಲಿ ಅನುಮತಿ ಉಂಟು. ನಿಯಮ ಬರೆದವರು ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದ್ದಾರೆ. ಅದನ್ನು ಓದಿದಾಗಲೆಲ್ಲ ನನಗೆ ಬಹಳ ಸಂತೋಷವಾಗುತ್ತದೆ.

---

ಕಿಟಕಿಪಕ್ಕ ಉತ್ತರ:

ಏರಿಯಲ್ ಸರ್, ಆ ಏಣಿ ಇವತ್ತೆಲ್ಲ ನನ್ನ ತಲೆಯಲ್ಲೇ ಇರುತ್ತೆ.

ಕೀಲಿಕೈ, ನೀವು ಹೇಳಿದ್ದಕ್ಕೆ ನನಗೆ ಗೊತ್ತಿರೋ ಒಳ್ಳೇ ಸಾಕ್ಷಿ ಸ್ಮೈಲಿ. ನಾನು ಕಂಪ್ಯೂಟರ್ ಇತಿಹಾಸ ಪಾಠ ಮಾಡ್ತೀನಿ, ಪ್ರತಿ ವರ್ಷ ಈ ಕತೆಗೆ ಬಂದಾಗ ಮಕ್ಕಳು ಫೋನ್ ಕೆಳಗಿಟ್ಟು ಕೇಳ್ತಾರೆ.

1982ರ ಸೆಪ್ಟೆಂಬರ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರೂ ಬರೆಯಬಹುದಾದ ಒಂದು ಎಲೆಕ್ಟ್ರಾನಿಕ್ ಫಲಕ ಇತ್ತು. ಅದರಲ್ಲಿ ಯಾರೋ ಒಂದು ಒಗಟು ಹಾಕಿದರು. ಲಿಫ್ಟಿನ ಹಗ್ಗ ತುಂಡಾಗಿ ಅದು ಧಡ್ ಅಂತ ಕೆಳಗೆ ಬೀಳ್ತಾ ಇದೆ ಅಂತಿಟ್ಟುಕೊಳ್ಳಿ, ಒಳಗೆ ಒಂದು ಮೇಣದಬತ್ತಿ ಉರೀತಾ ಇದೆ, ನೆಲದ ಮೇಲೆ ಒಂದು ಹನಿ ಪಾದರಸ ಇದೆ, ಎರಡೂ ಏನಾಗುತ್ತವೆ? ಭೌತಶಾಸ್ತ್ರದ ಪ್ರಶ್ನೆ. ಚರ್ಚೆ ನಡೀತು. ನಡುವೆ ಒಬ್ಬರು ತಮಾಷೆಗೆ ಎಚ್ಚರಿಕೆಯ ಫಲಕದ ಧಾಟಿಯಲ್ಲಿ ಬರೆದರು, ಇತ್ತೀಚಿನ ಭೌತಶಾಸ್ತ್ರ ಪ್ರಯೋಗದಿಂದಾಗಿ ಎಡಗಡೆಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ. ಹಿಂದಿನ ಮಾತು ಓದದೆ ಇದ್ದ ಕೆಲವರು ನಿಜ ಅಂದುಕೊಂಡರು! ಆಗ ಮಾತು ಇನ್ನೊಂದು ಕಡೆ ತಿರುಗಿತು: ತಮಾಷೆಗೆ ಬರೆದದ್ದು ತಮಾಷೆ ಅಂತ ತಿಳಿಯೋ ಹಾಗೆ ಏನಾದರೂ ಗುರುತು ಹಾಕಬೇಕಲ್ಲ? ಒಬ್ಬೊಬ್ಬರು ಒಂದೊಂದು ಗುರುತು ಹೇಳಿದರು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಅನ್ನೋ ಅಧ್ಯಾಪಕರು ಒಂದರ ಮೇಲೊಂದು ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಮುಚ್ಚುವ ಆವರಣ ಬರೆದು, ಇದನ್ನ ತಲೆ ವಾರೆ ಮಾಡಿ ಓದಿ ಅಂದರು. ನಗುವ ಮುಖ ಅಲ್ಲಿ ಹುಟ್ಟಿತು.

ಬೀಳೋ ಲಿಫ್ಟಿನಿಂದ ಪಾದರಸ, ಪಾದರಸದಿಂದ ತಮಾಷೆ, ತಮಾಷೆಯಿಂದ ನಗುಮುಖ. ಬರಹದಲ್ಲಿ ಭಾವನೆ ಹೇಗೆ ತೋರಿಸಬೇಕು ಅಂತ ಒಂದು ಸಭೆ ಕರೆದಿದ್ದರೆ ಇದು ಬರ್ತಿತ್ತು ಅಂತ ನನಗನ್ನಿಸಲ್ಲ. ಆ ಮಾತು ಕಳೆದೇ ಹೋಗಿತ್ತು, 2002ರಲ್ಲಿ ಹಳೇ ಬ್ಯಾಕಪ್ ಟೇಪುಗಳನ್ನ ಕೆದಕಿ ಹುಡುಕಿ ತೆಗೆದರು. ಇಪ್ಪತ್ತು ವರ್ಷದ ಹಿಂದೆ ಯಾರೋ ಆಡಿದ ಹರಟೆಗೋಸ್ಕರ ಅಷ್ಟು ಕಷ್ಟಪಟ್ಟು ಟೇಪ್ ಓದಿಸಿದರಲ್ಲ, ಅವರ ಮೇಲೆ ನನಗೆ ತುಂಬಾ ಪ್ರೀತಿ.

---

ಹಸಿರುದೀಪ ಉತ್ತರ:

ಎಲ್ಲರೂ ಒಂದೇ ಕಡೆ ವಾಲ್ತಾ ಇದ್ದೀರಿ. ಇನ್ನೊಂದು ಕಡೆಯಿಂದ ನಾನು ಹೇಳಬೇಕು. ಹಾಳಾದ ಹಾರ್ಡ್‌ಡಿಸ್ಕಿನಿಂದ ಫೈಲು ತೆಗೆಯೋದು ಹೇಗೆ ಅಂತ ಸಹಾಯ ಮಾಡೋ ಗುಂಪೊಂದನ್ನ ನೋಡಿಕೊಳ್ತೀನಿ. ಹರಟೆ ಬೇರೆ ಮಾಡಿದವಳು ನಾನೇ.

ಯಾಕೆ ಅಂತ ಹೇಳ್ತೀನಿ. ಒಂದು ರಾತ್ರಿ ನಮ್ಮವರೆಲ್ಲ ಸೇರಿ ಮೊದಲ ಕಂಪ್ಯೂಟರಿನ ಕೀಬೋರ್ಡ್ ಸದ್ದು ಹೇಗಿತ್ತು ಅಂತ ಮಾತಾಡ್ತಾ ಇದ್ದೆವು. ತುಂಬಾ ಚೆನ್ನಾಗಿತ್ತು ಆ ಮಾತು, ಸುಳ್ಳು ಹೇಳಲ್ಲ. ನಾನೇ ಅದರಲ್ಲಿ ಮುಳುಗಿಹೋಗಿದ್ದೆ. ಅದರ ನಡುವೆ ಹೊಸಬರೊಬ್ಬರು ಒಂದೇ ಸಾಲು ಬರೆದರು: "ಡಿಸ್ಕ್ ಟಿಕ್ ಟಿಕ್ ಅಂತಿದೆ, ಏನು ಮಾಡಲಿ?" ಎರಡೂ ಬದಿಯಿಂದ ಕೀಬೋರ್ಡ್ ನೆನಪುಗಳು ಬಂದು ಆ ಸಾಲು ಮೇಲೆ ಹೋಗಿಬಿಟ್ಟಿತು. ಯಾರ ಕಣ್ಣಿಗೂ ಬೀಳಲಿಲ್ಲ. ಟಿಕ್ ಟಿಕ್ ಸದ್ದಿಗೆ ಉತ್ತರ ಎರಡೇ ಪದ: ಪವರ್ ತೆಗೀರಿ. ಓದೋ ಹೆಡ್ ಕೆಟ್ಟಿರುತ್ತೆ, ಓಡ್ತಾ ಬಿಟ್ಟಷ್ಟೂ ತಟ್ಟೆ ಗೀರಿಕೊಳ್ಳೋ ಅಪಾಯ. ಅವರು ಎರಡು ಗಂಟೆ ಕಾದರು, ಡಿಸ್ಕ್ ಓಡ್ತಾನೇ ಇತ್ತು, ಮತ್ತೆ ಮತ್ತೆ ಆಫ್ ಆನ್ ಮಾಡಿ ನೋಡಿದರಂತೆ. ಅದರಲ್ಲಿ ಇದ್ದದ್ದು ತಂದೆಯ ಕೊನೇ ವರ್ಷದ ಫೋಟೋಗಳು. ಬರಲಿಲ್ಲ.

ಆ ಎರಡು ಗಂಟೆ ನಾವು ನಗ್ತಾ ಇದ್ದೆವು. ಮಾರನೇ ದಿನವೇ ನಿಯಮ ಮಾಡಿದೆ.

ನಮ್ಮ ಹರಟೆಯ ಜಾಗವೂ ಒಣಗಿತು, ಕೀಲಿಕೈ ಹೇಳಿದ್ದು ಅಕ್ಷರಶಃ ನಿಜ. ಗುಂಪು ತಣ್ಣಗಾಯ್ತು, ಹಳಬರು ಬರೋದು ಕಮ್ಮಿ ಆಯ್ತು, ಹಾಗಾಗಿ ಉತ್ತರ ಹೇಳೋರೂ ಕಮ್ಮಿ. ಅದು ನನಗೆ ಕಾಣಿಸ್ತಾ ಇದೆ. ಆದರೆ ಆ ಒಂದು ಸಾಲು ಮೇಲೆ ಸರಿದುಹೋಗಿದ್ದನ್ನ ಮರೆತು ಬಾಗಿಲು ತೆಗೆಯೋಕೆ ನನ್ನಿಂದ ಆಗ್ತಿಲ್ಲ. ದಾರಿ ಇದ್ದರೆ ಹೇಳಿ.

---

ಕೀಲಿಕೈ ಉತ್ತರ:

ಹಸಿರುದೀಪ ಅವರೇ, ಓದಿ ಸಂಕಟ ಆಯ್ತು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡ್ತಿದ್ದೆ. ಗಡಿಯಾರ ಒಂದು ದಿನ ನಿಂತರೆ ಯಾರಿಗೂ ನಷ್ಟ ಇಲ್ಲ, ನಿಮ್ಮಲ್ಲಿ ಹಾಗಲ್ಲ. ಈ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ.

ಒಂದು ಯೋಚನೆ ಬರ್ತಿದೆ. ಜಾಗ ಬೇರೆ ಮಾಡೋ ಬದಲು ಹೊತ್ತು ಬೇರೆ ಮಾಡಿದರೆ? ಉತ್ತರ ಸಿಗದ ಪ್ರಶ್ನೆ ಒಂದು ಇದ್ದರೂ ಎಲ್ಲರೂ ಅದರ ಮೇಲೇ ಇರೋದು. ಕೇಳಿದೋರು "ಸಿಕ್ತು" ಅಂದಮೇಲೆ, ಅದೇ ಪ್ರಶ್ನೆಯ ಕೆಳಗೆ, ಮಾತು ಎಲ್ಲಿಗೆ ಬೇಕಾದರೂ ಹೋಗಲಿ. ಅಷ್ಟರಲ್ಲಿ ಹೊಸ ಪ್ರಶ್ನೆ ಬಂದರೆ ಅದು ಬೇರೆ ಸಾಲಾಗಿ ಮೇಲೆ ನಿಲ್ಲುತ್ತೆ, ಕೊಚ್ಚಿಹೋಗಲ್ಲ.

---

ಅರ್ಧವಾಕ್ಯ ಉತ್ತರ:

ನನ್ನದು ಐಆರ್‌ಸಿ ಕಾಲದ ಅನುಭವ. 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಅನ್ನೋರು ಬರೆದ ಚಾಟ್ ವ್ಯವಸ್ಥೆ ಅದು. ಪ್ರತಿ ಚಾನೆಲ್ಲಿನ ತಲೆಯ ಮೇಲೆ 'ಟಾಪಿಕ್' ಅಂತ ಒಂದು ಸಾಲು ಇರುತ್ತೆ. ಇಲ್ಲಿ ಮಾತಾಡೋದು ಇದರ ಬಗ್ಗೆ ಅಂತ. ನಾನಿದ್ದ ಚಾನೆಲ್ಲಿನ ಟಾಪಿಕ್ ಸೌಂಡ್‌ಕಾರ್ಡಿನ ಡ್ರೈವರ್. ರಾತ್ರಿ ಪಾಳಿಯಲ್ಲಿ ಸರ್ವರ್‌ಗಳನ್ನ ಕಾಯೋದು ನನ್ನ ಕೆಲಸ. ಏನೂ ಕೆಡದೇ ಇದ್ದರೆ ಬೆಳಗಿನತನಕ ಮಾಡೋಕೆ ಏನೂ ಇಲ್ಲ, ನಿದ್ದೆ ಮಾತ್ರ ಮಾಡುವಂತಿಲ್ಲ.

ಅಲ್ಲಿ ಒಬ್ಬರು ಇರುವೆಗಳ ಕತೆ ಹೇಳ್ತಿದ್ದರು. ಮರಳುಗಾಡಿನ ಇರುವೆ ಗೂಡಿಗೆ ವಾಪಸ್ ಬರೋದು ಹೆಜ್ಜೆ ಲೆಕ್ಕದ ಮೇಲಂತೆ. ಅದನ್ನ ಪರೀಕ್ಷೆ ಮಾಡೋಕೆ ವಿಜ್ಞಾನಿಗಳು ಇರುವೆಗಳ ಕಾಲಿಗೆ ಹಂದಿಯ ಬಿರುಗೂದಲು ಅಂಟಿಸಿ, ಮರಗಾಲು ಕಟ್ಟಿದ ಹಾಗೆ ಉದ್ದ ಮಾಡಿದರು. ಆ ಪ್ರಯೋಗ 2006ರಲ್ಲಿ ಪ್ರಕಟ ಆಗಿದ್ದು. "ಉದ್ದ ಕಾಲಿನ ಇರುವೆಗಳು ಮನೆ ಕಡೆ ಹೊರಟವು, ಹೆಜ್ಜೆ ಎಣಿಸಿದವು, ಎಣಿಸಿದವು," ಅಂತ ಬರೆದರು. ಅಷ್ಟರಲ್ಲಿ ನೆಟ್‌ಸ್ಪ್ಲಿಟ್ ಆಯ್ತು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಐಆರ್‌ಸಿ ಅಂದರೆ ಒಂದಕ್ಕೊಂದು ಜೋಡಿಸಿಕೊಂಡ ಹಲವು ಸರ್ವರ್‌ಗಳು. ನಡುವಿನ ಕೊಂಡಿ ಕಳಚಿದರೆ ಆ ಕಡೆಯವರೆಲ್ಲ ಒಂದೇ ಏಟಿಗೆ ಮಾಯ. ಪರದೆ ಮೇಲೆ 'ಹೋದರು, ಹೋದರು, ಹೋದರು' ಅಂತ ಸಾಲುಸಾಲು ಬರುತ್ತೆ. ಅವರ ಕಡೆಯಿಂದ ನೋಡಿದರೆ ಹೋದೋರು ನಾವು. ಆ ರಾತ್ರಿ ಮೂವತ್ತು ಜನರಲ್ಲಿ ನಾವು ಆರು ಜನ ಉಳಿದೆವು. ಇರುವೆ ಏನಾಯ್ತು ಅಂತ ಯಾರಿಗೂ ಗೊತ್ತಿಲ್ಲ. ಆರೂ ಜನ ಊಹೆ ಮಾಡ್ತಾ ಕೂತೆವು. ಇಪ್ಪತ್ತು ನಿಮಿಷ ಆದಮೇಲೆ ಕೊಂಡಿ ಕೂಡಿತು, ಹೆಸರುಗಳೆಲ್ಲ ದಬದಬ ವಾಪಸ್ ಬಂದವು. ನಮಸ್ಕಾರ ಇಲ್ಲ, ಏನಾಯ್ತು ಅನ್ನೋದಿಲ್ಲ, ಇರುವೆ ಕತೆ ಹೇಳ್ತಿದ್ದೋರ ಮೊದಲನೇ ಸಾಲು: "ಗೂಡು ದಾಟಿ ಮುಂದೆ ಹೋಗಿಬಿಟ್ಟವು."

ಇನ್ನೊಂದಷ್ಟು ಇರುವೆಗಳ ಕಾಲು ಮೊಂಡು ಮಾಡಿದ್ದರಂತೆ, ಅವು ಗೂಡು ಸಿಗೋ ಮುಂಚೆಯೇ ನಿಂತು ಹುಡುಕಿದವಂತೆ. ಅದನ್ನ ಓದಿ ನಾನು ಆ ಖಾಲಿ ರೂಮಿನಲ್ಲಿ ಒಬ್ಬನೇ ಕೂತು ಎಷ್ಟು ಹೊತ್ತು ನೆಲ ನೋಡ್ತಿದ್ದೆನೋ.

ಕೀಲಿಕೈ ಸರ್, ನೀವು ಸುಖ ಎಲ್ಲಿತ್ತು ಅಂತ ಕೇಳಿದಿರಲ್ಲ. ನನಗೆ ಅದು ಇದ್ದದ್ದು ಆ ಇಪ್ಪತ್ತು ನಿಮಿಷದಲ್ಲಿ. ನನಗೆ ಏನೇನೂ ಸಂಬಂಧ ಇಲ್ಲದ ಒಂದು ಇರುವೆಗೋಸ್ಕರ ಕಾದೆ. ಎಲ್ಲೋ ಆ ಕಡೆ, ನನ್ನ ಹೆಸರು ಕೂಡ ಗೊತ್ತಿಲ್ಲದೋರು ಅರ್ಧ ವಾಕ್ಯವನ್ನ ನನಗೋಸ್ಕರ ಹಿಡಿದುಕೊಂಡು ಕೂತಿದ್ದರು.

---

ಕಿಟಕಿಪಕ್ಕ ಉತ್ತರ:

ಒಂದೇ ಒಂದು ಸೇರಿಸಿ ಸುಮ್ಮನಾಗ್ತೀನಿ. ಇಂಥ ಮಾತಿಗೆ ನಮ್ಮ ಭಾಷೆಯಲ್ಲಿ 'ಲೋಕಾಭಿರಾಮ' ಅನ್ನೋ ಚೆಂದದ ಪದ ಇದೆ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಇದರ ಬಗ್ಗೆಯೇ ಬರೆದರು. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವರ್ಷಗಟ್ಟಲೆ ಇದ್ದು ಬಂದೋರು. ಏನನ್ನೂ ತಿಳಿಸೋಕೆ ಅಲ್ಲದೆ ಜನರನ್ನ ಒಬ್ಬರಿಗೊಬ್ಬರು ಕಟ್ಟೋಕೇ ಇರೋ ಮಾತು ಅಂತ ಅದನ್ನ ಗುರುತಿಸಿದರು. ಅದು ಯಾವಾಗ ಹುಟ್ಟುತ್ತೆ ಅಂತ ಹೇಳುವಾಗ ಅವರು ಕೊಡೋ ಸಂದರ್ಭಗಳನ್ನ ನೋಡಿ. ದಿನದ ಕೆಲಸ ಮುಗಿಸಿ ಬೆಂಕಿ ಸುತ್ತ ಕೂತಾಗ. ಕೆಲಸದ ನಡುವೆ ದಣಿವಾರಿಸಿಕೊಳ್ಳುವಾಗ. ಕೈ ಒಂದು ಕೆಲಸ ಮಾಡ್ತಿರುವಾಗ ಬಾಯಿ ಅದಕ್ಕೆ ಸಂಬಂಧವೇ ಇಲ್ಲದ್ದನ್ನ ಆಡ್ತಾ ಇರುವಾಗ.

ಮೂರರಲ್ಲೂ ಪಕ್ಕದಲ್ಲೇ ಒಂದು ಕೆಲಸ ಇದೆ. ನಿಮ್ಮ ಗಡಿಯಾರ, ಏರಿಯಲ್ ಸರ್ ಅವರ ಆಂಟೆನಾ, ಅರ್ಧವಾಕ್ಯ ಅವರ ಸರ್ವರ್. ಹಸಿರುದೀಪ ಮೇಡಂ, ನಿಮ್ಮ ಡಿಸ್ಕ್ ಕೂಡ.

---

ಹಸಿರುದೀಪ ಉತ್ತರ:

ಹೊತ್ತು ಬೇರೆ ಮಾಡೋದು. ಸರಿ, ಇದನ್ನ ಮಾಡಿ ನೋಡಬಹುದು. ಉತ್ತರ ಸಿಗದ ಪ್ರಶ್ನೆ ಕೆಂಪಾಗಿ ಮೇಲೇ ನಿಲ್ಲೋ ಹಾಗೆ ಮಾಡೋಕೆ ಬರುತ್ತೆ. ಸಿಕ್ಕಮೇಲೆ ಹಸಿರು. ಹಸಿರಾದ ಮೇಲೆ ನಾನು ಬಾಯಿ ಹಾಕಲ್ಲ.

ಕೀಬೋರ್ಡ್ ಮಾತು ಅವತ್ತು ಅರ್ಧಕ್ಕೇ ನಿಂತಿತು. ಒಬ್ಬರು ತಮ್ಮ ಮೊದಲ ಕೀಬೋರ್ಡಿನಲ್ಲಿ ಸ್ಪೇಸ್ ಒತ್ತಿದರೆ ಮಾತ್ರ ಬೇರೆ ಸದ್ದು ಬರ್ತಿತ್ತು ಅಂದಿದ್ದರು, ಯಾಕೆ ಅಂತ ಹೇಳೋದು ಬಾಕಿ ಇತ್ತು. ನಾನು ಕೇಳಲೇ ಇಲ್ಲ.

---

ಕೀಲಿಕೈ ಉತ್ತರ (ಮೂರು ವಾರದ ನಂತರ):

ಇಲ್ಲಿ ಬಂದದ್ದನ್ನೆಲ್ಲ ನಮ್ಮ ಗಡಿಯಾರದ ಗುಂಪು ನೋಡಿಕೊಳ್ಳೋರಿಗೆ ತೋರಿಸಿದೆ. ಏಣಿಯ ಮಾತು ಓದಿ ಅವರು ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ "ಸರಿ, ಪ್ರಶ್ನೆ ಮುಗಿದಮೇಲೆ ನಿಮ್ಮಿಷ್ಟ" ಅಂತ ಬರೆದರು. ಹರಟೆಯ ಜಾಗ ಮುಚ್ಚಿದರು.

ಮೊದಲ ಹತ್ತು ದಿನ ಏನೂ ಆಗಲಿಲ್ಲ. ಜನಕ್ಕೆ ಅಭ್ಯಾಸ ತಪ್ಪಿತ್ತು, ಧನ್ಯವಾದ ಅಂದು ಎದ್ದು ಹೋಗ್ತಿದ್ದರು. ನಾನೂ ಬಲವಂತವಾಗಿ ಒಂದೆರಡು ಸಲ ಎಳೆದು ನೋಡಿದೆ, ಎಳೆದದ್ದು ಎಳೆದ ಹಾಗೇ ಕಾಣುತ್ತೆ, ಯಾರೂ ಬರಲಿಲ್ಲ.

ನಿನ್ನೆ ರಾತ್ರಿ ನಿಜವಾಗಲೂ ಒಂದು ತೊಂದರೆ ಆಯ್ತು. ಗಡಿಯಾರದೊಳಗೆ ಚಕ್ರಗಳನ್ನ ಹಿಡಿದಿಡೋ ತಗಡು ಇರುತ್ತೆ, ಸೇತುವೆ ಅಂತೀವಿ, ಅದನ್ನ ಕೂರಿಸುವಾಗ ಚಿಮಟದಿಂದ ಒಂದು ಸ್ಕ್ರೂ ಪಟ್ ಅಂತ ಹಾರಿತು. ಎಳ್ಳಿಗಿಂತ ಚಿಕ್ಕದು. ಮೇಜಿನ ಮೇಲೆ ಇಲ್ಲ, ಮಡಿಲಲ್ಲಿ ಇಲ್ಲ. ಹಾರಿದ ಸ್ಕ್ರೂ ಹುಡುಕೋದು ಹೇಗೆ ಅಂತ ಕೇಳಿದೆ. ಒಬ್ಬರು ಹೇಳಿದರು, ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳ್ಳನೆಯ ಸ್ಟಾಕಿಂಗ್ ಬಟ್ಟೆ ಬಿಗಿದು ನೆಲದ ಮೇಲೆ ಆಡಿಸಿ, ಬಟ್ಟೆಗೆ ಬಂದು ಅಂಟಿಕೊಳ್ಳುತ್ತೆ. ಇನ್ನೊಬ್ಬರು, ದೀಪ ಆರಿಸಿ ಟಾರ್ಚನ್ನ ನೆಲಕ್ಕೆ ಮಲಗಿಸಿ ಬಿಡಿ, ಸ್ಕ್ರೂಗಿಂತ ಮೊದಲು ಅದರ ನೆರಳು ಕಾಣುತ್ತೆ ಅಂದರು. ಟಾರ್ಚ್ ಇಟ್ಟೆ. ಮೇಜಿನ ಕಾಲಿನ ಹಿಂದೆ, ಬೆರಳುದ್ದದ ನೆರಳು. "ಸಿಕ್ತು" ಅಂತ ಬರೆದೆ.

ಒಂದು ನಿಮಿಷ ಯಾರೂ ಇಲ್ಲ. ಆಮೇಲೆ ಒಬ್ಬರು ಬರೆದರು: "ನಾನು ನೆಲಕ್ಕೆ ಕೆನ್ನೆ ಆನಿಸಿ ಮಲಗಿ ಎಷ್ಟು ವರ್ಷ ಆಯ್ತೋ. ಆ ಎತ್ತರದಿಂದ ಮನೆ ಬೇರೆಯದೇ ಅಲ್ವಾ?" ಇನ್ನೊಬ್ಬರು ತಕ್ಷಣ ಎದ್ದು ಹೋಗಿ ಮಲಗಿ ನೋಡಿ ಬಂದರಂತೆ, ಮಂಚದ ಕೆಳಗೆ ಕಳೆದುಹೋಗಿದ್ದ ಬಣ್ಣದ ಪೆನ್ಸಿಲ್ ಸಿಕ್ಕಿತಂತೆ, ಅದು ಈಗ ಕಾಲೇಜಿಗೆ ಹೋಗೋ ಮಗಳದು. ಅಲ್ಲಿಂದ ಹೊರಟಿತು ನೋಡಿ. ಕಳೆದುಹೋಗಿ ಸಿಕ್ಕಿದ್ದು, ಸಿಕ್ಕರೂ ಬೇಡವಾಗಿದ್ದು, ಕಳೆದದ್ದೇ ಒಳ್ಳೆಯದಾಯ್ತು ಅನ್ನಿಸಿದ್ದು. ಒಂದೂಕಾಲಿಗೆ ಒಂಬತ್ತು ಜನ ಇದ್ದೆವು.

ದಕ್ಷಿಣ ಗೋಳಾರ್ಧದೋರು ಇಷ್ಟು ತಿಂಗಳಲ್ಲಿ ಒಂದು ಅಕ್ಷರ ಬರೆದಿರಲಿಲ್ಲ. ಕೊನೆಯಲ್ಲಿ ಅವರು ಬಂದರು. ನೆರಳಿನ ಮಾತು ಓದಿ ಬಂದಿರಬೇಕು. ಕೇಳಿದ್ದು ಇಷ್ಟು: "ಅಲ್ಲಿ ಈಗ ಚಂದ್ರ ಕಾಣ್ತಾ ಇದ್ದಾನಾ?"

ಎದ್ದು ಕಿಟಕಿ ತೆಗೆದು ನೋಡಿ ಬಂದೆ. ಕಾಣ್ತಿದ್ದಾನೆ, ಮೊಲ ನೆಟ್ಟಗೆ ಕೂತಿದೆ ಅಂತ ಬರೆದೆ.